ಜರಡಿ ಮಾವನ ಅಂಗಾಲು

ನಮ್ಮ ಮನೆಗೂ ಜರಡಿ ಮಾವನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬೆಳಕು ಹರಿಯುವ ಮೊದಲು ಅವರು ಬಾಗಿಲ ಚಿಲಕ ತೆಗೆಯುವ ಸದ್ದಿಗೆ ನನಗೂ ಎಚ್ಚರವಾಗುತ್ತದೆ. ನಾನು ಮುಖ ತೊಳೆದು ಕೈಮುಗಿದು ಕೂರುವ ಹೊತ್ತಿಗೆ ಅವರು ಬೀದಿ ದಾಟಿ ಕಡಲ ಕಡೆ ಹೊರಟಿರುತ್ತಾರೆ. ಇಬ್ಬರ ದಿನವೂ ಹೀಗೆ ಒಂದೇ ಚಿಲಕದಿಂದ ತೆರೆದುಕೊಳ್ಳಲು ಶುರುವಾಗಿ ಇಪ್ಪತ್ತೆರಡು ವರ್ಷ ಕಳೆದಿದೆ.

ಅವರ ನಿಜವಾದ ಹೆಸರು ಕಾಗದಪತ್ರಗಳಲ್ಲಿ ಎಲ್ಲೋ ಇರಬೇಕು. ಬೀದಿಗೆಲ್ಲ ಅವರು ಜರಡಿ ಮಾವ, ಅವರ ಹೆಂಡತಿ ಅತ್ತೆ. ಹದಿನಾರನೇ ವಯಸ್ಸಿಗೇ ಮಾವ ಗಾರೆ ಕೆಲಸದವರ ಜೊತೆ ಸೇರಿ ಮರಳು ಜರಡಿ ಹಿಡಿಯತೊಡಗಿದ್ದರು. ಕೋಲಿಗೆ ಒರಗಿಸಿ ನಿಲ್ಲಿಸಿದ ದೊಡ್ಡ ತಂತಿಜಾಲಕ್ಕೆ ಸಲಿಕೆಯಿಂದ ಮರಳು ಎಸೆಯುವುದು, ಆಚೆ ಬಿದ್ದ ನಯವಾದದ್ದು ಗಿಲಾವಿಗೆ, ಈಚೆ ಉಳಿದ ಕಲ್ಲು ಪಾಯಕ್ಕೆ. "ಹನ್ನೆರಡು ವರ್ಷ ಅದೇ ಸದ್ದು ಕೇಳಿದೀನಿ. ಶ್ಯಾ... ಶ್ಯಾ... ಅಂತ. ನಿದ್ದೇಲೂ ಮಳೆ ಬಂದಂಗೆ ಕೇಳ್ತಿತ್ತು," ಎಂದು ಒಮ್ಮೆ ಹೇಳಿದ್ದರು.

ಆಮೇಲೆ ದಂಡೆಯ ಮೇಲೆ ಬೀಚ್ ಸಾಕರ್ ಬಂತು. ಬರಿಗಾಲಲ್ಲಿ, ಒಂದು ಕಡೆಗೆ ಐದೇ ಜನ, ಹನ್ನೆರಡು ನಿಮಿಷದ ಮೂರು ಸುತ್ತು ಆಡುವ ಕಾಲ್ಚೆಂಡು. ಶುರುವಾದ ವಾರವೇ ಒಬ್ಬ ಆಟಗಾರನ ಪಾದ ಚಿಪ್ಪಿನ ಚೂರಿಗೆ ಸೀಳಿ ಏಳು ಹೊಲಿಗೆ ಬಿತ್ತು. ಯಾರೋ, "ಆ ಜರಡಿಯವನನ್ನ ಕರೀರಿ," ಎಂದರು. ಮಾವ ಹೋಗಿ, ಮೈದಾನದ ಅಷ್ಟೂ ಮರಳನ್ನು ಮೊಣಕಾಲುದ್ದ ಅಗೆದು, ಹತ್ತೊಂಬತ್ತು ದಿನ ಜರಡಿ ಹಿಡಿದು, ಮತ್ತೆ ತುಂಬಿ, ಮಟ್ಟ ಮಾಡಿ ಬಂದರು. ಹೋದವರು ಅಲ್ಲೇ ಉಳಿದರು.

ಜರಡಿ ಯಾರಾದರೂ ಹಿಡಿಯಬಹುದು. ಮಾವನಿಗೆ ಹೆಸರು ತಂದದ್ದು ಆಮೇಲಿನ ಕೆಲಸ. ಆಟಕ್ಕೆ ಮೊದಲು ಅವರು ಬರಿಗಾಲಲ್ಲಿ ಇಡೀ ಮೈದಾನವನ್ನು ಸಾಲು ಸಾಲಾಗಿ ನಡೆಯುತ್ತಿದ್ದರು, ಒಂದು ಸಾಲಿಗೂ ಇನ್ನೊಂದು ಸಾಲಿಗೂ ಒಂದು ಪಾದದ ಅಗಲ. ಕಣ್ಣು ಮುಚ್ಚಿ, ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿಯಿಂದ ಬೆರಳಿನವರೆಗೆ ಭಾರವನ್ನು ನಿಧಾನವಾಗಿ ಸುರಿಯುತ್ತ ಹೋಗುವುದು. ಮರಳು ಬಾಚುವ ಯಂತ್ರದ ಹಲ್ಲಿಗೆ ಸಿಗದ ಚೂರು ಅವರ ಅಂಗಾಲಿಗೆ ಸಿಗುತ್ತಿತ್ತು. ಅಲ್ಲೇ ನಿಂತು ಕಾಲ ಬೆರಳಲ್ಲೇ ಎತ್ತಿ, ಕಣ್ಣು ತೆರೆಯದೆ "ಚಿಪ್ಪು", "ಕಡ್ಡಿ", "ಬಾಟಲಿ ಮುಚ್ಚಳ" ಎನ್ನುತ್ತಿದ್ದರು. ಬೀದಿಯ ಕ್ಷೌರಿಕ ಈಜಲು ಹೋಗಿ ಉಂಗುರ ಕಳೆದುಕೊಂಡಾಗ ಮೂರನೇ ದಿನ ಅದು ಸಿಕ್ಕಿದ್ದು ಮಾವನ ಕಿರುಬೆರಳಿಗೆ. "ನನ್ನ ಹೆಂಡ್ತಿಗೆ ಹೇಳ್ಬೇಡಿ ಮಾವ, ಅವಳು ಆಗಲೇ ಹೊಸದು ಕೊಡಿಸಿದಾಳೆ," ಎಂದು ಅವನು ಬೇಡಿಕೊಂಡದ್ದನ್ನು ಮಾವ ಬೀದಿಗೆಲ್ಲ ಹೇಳಿದರು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು.

ನಡೆಯುವಾಗ ಅವರ ಮುಖ ನಾನು ನೋಡಿದ್ದೇನೆ. ಪ್ರಾರ್ಥನೆಗೆ ಕೂತವರ ಮುಖ ಹಾಗಿರುತ್ತದೆ. ಅಲೆ ಬಂದು ಹೋಗುವ ಸದ್ದಿಗೆ ಅವರ ಹೆಜ್ಜೆ ತಾನಾಗಿ ಹೊಂದಿಕೊಳ್ಳುತ್ತಿತ್ತು. ಬೆಳಗಿನ ಮಂಜಿನಲ್ಲಿ ದೂರದಿಂದ ನೋಡಿದರೆ ಆ ಮನುಷ್ಯ ನೆಲದ ಮೇಲೆ ನಡೆಯುತ್ತಿದ್ದಾರೋ ನೀರಿನ ಮೇಲೋ ತಿಳಿಯುತ್ತಿರಲಿಲ್ಲ.

ಅತ್ತೆಗೆ ಮರಳೆಂದರೆ ಆಗದು. ಅವರದು ಹೊಲಿಗೆ. ಕಿಟಕಿಯ ಪಕ್ಕದ ಯಂತ್ರದಲ್ಲಿ ಬೀದಿಯವರ ಪ್ಯಾಂಟು, ಪರದೆ, ದಿಂಬಿನ ಚೀಲ ಎಲ್ಲ ಮಡಚಿ ಹೊಲಿಯುತ್ತಾರೆ. ಒಂದು ಕಣ ಮರಳು ಯಂತ್ರದ ಎಣ್ಣೆಗೆ ಬಿದ್ದರೆ ಅದು ಕರಕರ ಎಂದು ಹಲ್ಲು ಕಡಿಯತೊಡಗುತ್ತದೆ. ಮದುವೆಯಾಗಿ ಮೂವತ್ತೊಂದು ವರ್ಷ, ದಿನಾ ಸಂಜೆ ಬಾಗಿಲಲ್ಲಿ ಅದೇ ಮಾತು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

"ಅಲ್ಲೇ ನಿಲ್ಲಿ. ಕಾಲು ತೊಳ್ಕೊಂಡು ಬನ್ನಿ."

"ತೊಳ್ಕೊಂಡೇ ಬಂದೆ ಕಣೇ."

"ಹಾಗಾದ್ರೆ ಕಿಸೆಯಿಂದ ಸುರೀತಿರೋದೇನು, ಸಕ್ಕರೇನಾ?"

ಎಷ್ಟು ಗುಡಿಸಿದರೂ ಮನೆಯಲ್ಲಿ ಮರಳು ಹೋಗುವುದಿಲ್ಲವೆಂದು ಅತ್ತೆ ಒಳಗೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಹಾಸಿಗೆಯಿಂದ ಕಾಲು ಇಳಿಸಿದರೆ ಅದು ಇಳಿಯುವುದು ಚಪ್ಪಲಿಗೇ. "ಮಹಾರಾಣಿಯವರ ಪಾದ ನೆಲ ಮುಟ್ಟೋ ಹಾಗಿಲ್ಲ," ಎಂದು ಮಾವ ಆಡಿಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಅತ್ತೆ ದಂಡೆಗೆ ಕಾಲಿಟ್ಟವರಲ್ಲ.

ಹೋದ ವರ್ಷ ಸುದ್ದಿ ಬಂತು. ಏಷ್ಯಾದ ದೇಶಗಳ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಮ್ಮ ದಂಡೆಯಲ್ಲೇ ನಡೆಯುತ್ತದಂತೆ. ಹದಿನಾರು ದೇಶಗಳ ಗಂಡಸರ ತಂಡಗಳು. ಮಾವ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು, ಒಳಗೆ ಬಂದು ಕೂರುವಷ್ಟು ಸಮಾಧಾನ ಅವರಿಗಿರಲಿಲ್ಲ. "ಹದಿನಾರು ದೇಶ ಕಣಮ್ಮ. ಎಲ್ಲಾ ಬರಿಗಾಲು. ಎಲ್ಲಾ ನನ್ನ ಮರಳಿನ ಮೇಲೆ." ಟಿ.ವಿಯಲ್ಲಿ ಮಾತ್ರ ನೋಡಿದ್ದ ಆಟಗಾರರು ನೆಲಕ್ಕೆ ಬೆನ್ನು ಮಾಡಿ ಗಾಳಿಯಲ್ಲಿ ಮಲಗಿ, ತಲೆಯ ಮೇಲಿಂದ ಚೆಂಡು ಒದೆಯುವುದನ್ನು ಅವರು ನನಗೆ ಕೈಯಲ್ಲಿ ತೋರಿಸಿದರು. ಒದ್ದವರು ಬೀಳುವುದು ಮಾವನ ಮರಳಿಗೆ. ಅದು ಹಾಸಿಗೆಯ ಹಾಗಿರಬೇಕು.

ಆ ಹೊತ್ತಿಗಾಗಲೇ ಅವರ ಪಾದ ಸುಮ್ಮನಾಗಲು ತೊಡಗಿತ್ತು. ಇದು ನನಗೆ ತಿಳಿದದ್ದು ಬಹಳ ಆಮೇಲೆ, ಅವರೇ ನಮ್ಮ ಮೆಟ್ಟಿಲ ಮೇಲೆ ಕೂತು ತುಂಡು ತುಂಡಾಗಿ ಹೇಳಿದಾಗ.

ಸಕ್ಕರೆ ಕಾಯಿಲೆ ಅವರಿಗೆ ಹತ್ತು ವರ್ಷದಿಂದ ಇತ್ತು. ಒಂದು ಬೆಳಿಗ್ಗೆ ಚಹಾ ಅಂಗಡಿಯವನು ಕೇಳಿದ, "ಏನು ಮಾವ, ಒಂದೇ ಚಪ್ಪಲಿ? ಇನ್ನೊಂದು ಅತ್ತೆ ಕೈಲಿದೆಯಾ?" ಮಾವ ಕೆಳಗೆ ನೋಡಿದರು. ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿಹೋಗಿತ್ತು. ಬಿಸಿಯಾದ ಬೀದಿಯಲ್ಲಿ ಅಷ್ಟು ದೂರ ನಡೆದದ್ದು ಪಾದಕ್ಕೆ ಗೊತ್ತೇ ಆಗಿರಲಿಲ್ಲ. ಎಲ್ಲರ ಜೊತೆ ಅವರೂ ನಕ್ಕರು.

ಮರುದಿನ ಆಸ್ಪತ್ರೆಗೆ ಹೋದಾಗ ನರ್ಸಮ್ಮ ಒಂದು ನೈಲಾನ್ ಎಳೆ ತಂದು, "ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದಾಗೆಲ್ಲ ಹ್ಞೂಂ ಅನ್ನಿ," ಎಂದರು. ಕಣ್ಣು ಮುಚ್ಚಿ ಪಾದದಿಂದ ಕೇಳುವುದು ಮಾವನಿಗೆ ಹೊಸದಲ್ಲ. ಅವರು ಮುಚ್ಚಿದರು. ಅಲೆಯ ಸದ್ದೂ ಇಲ್ಲ, ಮರಳೂ ಇಲ್ಲ, ಕಾಲಿರುವ ಕಡೆ ಬರೀ ಹತ್ತಿ. ಸ್ವಲ್ಪ ಹೊತ್ತು ಕಾದು ಅಂದಾಜಿನ ಮೇಲೆ "ಹ್ಞೂಂ" ಎಂದರು. ಮತ್ತೆ ಸ್ವಲ್ಪ ಬಿಟ್ಟು "ಹ್ಞೂಂ".

"ನಾನಿನ್ನೂ ಮುಟ್ಟೇ ಇಲ್ಲ, ಯಜಮಾನ್ರೇ," ಎಂದರು ನರ್ಸಮ್ಮ.

ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದೆಂದು ಹೇಳಿ ಕಳಿಸಿದರು. ಚಾಂಪಿಯನ್‌ಷಿಪ್‌ಗೆ ನಾಲ್ಕು ತಿಂಗಳಿತ್ತು. ಮನೆಗೆ ಬಂದು ಮಾವ ಅತ್ತೆಗೆ, "ಎಲ್ಲಾ ಚೆನ್ನಾಗಿದೆಯಂತೆ," ಎಂದರು.

ಆ ನಾಲ್ಕು ತಿಂಗಳು ಅವರು ಕನಸಿನೊಳಗೆ ನಡೆದ ಹಾಗೆ ನಡೆದರಂತೆ. ಮರಳು ಬಂದು ತುಂಬಿತು, ಯಂತ್ರ ಜರಡಿ ಹಿಡಿಯಿತು, ಸುತ್ತ ಕಬ್ಬಿಣದ ಪೈಪುಗಳ ಮೇಲೆ ಸಾವಿರ ಸಾವಿರ ಕುರ್ಚಿ ಎದ್ದವು. ಅವರು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ, ಕೈ ಕಟ್ಟಿ ಸಾಲು ಹೊಡೆದರು. ನೋಡುವವರಿಗೆ ಅದೇ ಮಾವ, ಅದೇ ನಡಿಗೆ. ಪಾದದಡಿಯಲ್ಲಿ ಮಾತ್ರ ಮೋಡ. "ಒಂದೊಂದ್ಸಲ ಏನೋ ಸಿಕ್ಕಿದ ಹಾಗಾಗಿ ನಿಂತುಬಿಡ್ತಿದ್ದೆ. ಬಗ್ಗಿ ನೋಡಿದ್ರೆ ಏನೂ ಇಲ್ಲ. ನೆನಪು ಕಚ್ಚಿರೋದು," ಎಂದರು. ಮೈದಾನದ ಪತ್ರದಲ್ಲಿ 'ಮರಳು ಪರೀಕ್ಷೆ' ಎಂಬ ಖಾನೆಯಲ್ಲಿ ಮೂರು ಬಾರಿ ಸಹಿಯನ್ನೂ ಹಾಕಿದರು.

ಮೂರನೆಯ ಸಹಿ ಹಾಕಿದ್ದು ಮೊದಲ ಪಂದ್ಯದ ಹಿಂದಿನ ದಿನ. ಆ ಸಂಜೆ ಗೋಡೆಯಾಚೆ ಎಂದಿನ ಮಾತು ಅರ್ಧಕ್ಕೇ ನಿಂತಿತು.

"ಅಲ್ಲೇ ನಿಲ್ಲಿ. ಇದೇನ್ರೀ ನೆಲದ ಮೇಲೆ ಕೆಂಪಗೆ?"

ಬಾಗಿಲಿಂದ ಬಚ್ಚಲವರೆಗೆ ಒಂದೊಂದು ಹೆಜ್ಜೆಗೂ ಒಂದೊಂದು ಬೊಟ್ಟು. ಅತ್ತೆ ಅವರನ್ನು ಕೂರಿಸಿ ಪಾದ ತಿರುಗಿಸಿ ನೋಡಿದರು. ಹಿಮ್ಮಡಿಯಲ್ಲಿ ಉಗುರಿನಷ್ಟು ಚಿಪ್ಪಿನ ಚೂರು ಪೂರ್ತಿ ಹೂತುಕೊಂಡಿತ್ತು. ದಾರ ಎಳೆಯುವ ಚಿಮುಟದಿಂದ ಅದನ್ನು ಕಿತ್ತು ಬಟ್ಟಲಿಗೆ ಹಾಕಿದಾಗ ಠಣ್ ಎಂದಿತು. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅತ್ತೆ ನೋಡುತ್ತಿದ್ದದ್ದು ಆ ಮುಖವನ್ನೇ.

"ನೋವಾಗ್ಲಿಲ್ವಾ?"

ಮಾವ ಪಾದ ಎಳೆದುಕೊಳ್ಳಲು ನೋಡಿದರು.

"ರೀ, ನಿಮ್ಮನ್ನೇ ಕೇಳ್ತಿರೋದು. ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

ಯಂತ್ರದ ಮುಂದಿನ ಕುರ್ಚಿಯಲ್ಲಿ ಅತ್ತೆ ಕೂತುಬಿಟ್ಟರು. ಆಮೇಲೆ ಕೇಳಿದರು, "ಇದು ನಿಮ್ಮ ಕಾಲಿಗೆ ಚುಚ್ಚಿ ಹೊರಗೆ ಬಂತು. ಚುಚ್ಚದೆ ಅಲ್ಲೇ ಉಳಿದಿರೋದು ಎಷ್ಟು?"

ನಾಲ್ಕು ತಿಂಗಳು ಮಾವ ತಮ್ಮನ್ನೇ ಕೇಳಿಕೊಳ್ಳದೆ ತಪ್ಪಿಸಿಕೊಂಡಿದ್ದ ಪ್ರಶ್ನೆ ಅದು. "ನಾಳೆ ಹದಿನಾರು ದೇಶದ ಕಾಲು ಬರುತ್ತೆ," ಎಂದರು. "ಹೇಳಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ಹೇಳದಿದ್ರೆ ಯಾರನ್ನೋ ಆಸ್ಪತ್ರೆಗೆ ಕಳಿಸ್ತೀರಿ."

ಬೆಳಿಗ್ಗೆ ಚಿಲಕ ತೆಗೆದಾಗ ಕೇಳಿದ್ದು ಎರಡು ಜೊತೆ ಚಪ್ಪಲಿಯ ಸದ್ದು. ನಾನು ಕೈಮುಗಿದು ಕೂತಲ್ಲೇ, ಅವರಿಬ್ಬರಿಗಾಗಿ ಒಂದು ಮಾತು ಹೆಚ್ಚಿಗೆ ಬೇಡಿಕೊಂಡೆ.

ಮೈದಾನದ ಮೇಲ್ವಿಚಾರಕಿ ಮೂವತ್ತು ದಾಟದ ಹುಡುಗಿ, ಕೊರಳಿಗೆ ಸೀಟಿ, ಕೈಯಲ್ಲಿ ಕಾಗದದ ಹಲಗೆ. ಮಾವ ಎಲ್ಲವನ್ನೂ ಹೇಳಿದರು. ಸಾಕ್ಷಿಗೆ ಬೇಕೆಂದು ಬಟ್ಟಲಲ್ಲಿದ್ದ ಚೂರನ್ನು ಕಾಗದದಲ್ಲಿ ಸುತ್ತಿ ತಂದಿದ್ದರು.

"ಮೂರು ಸಲ ಸಹಿ ಮಾಡಿದೀರಿ, ಯಜಮಾನ್ರೇ."

"ಹೌದು ಮೇಡಂ."

"ಯಾಕೆ ಮೊದಲೇ ಹೇಳ್ಲಿಲ್ಲ? ಬೇರೆಯವರನ್ನ ಕರೆಸ್ತಿದ್ದೆನಲ್ಲ!"

"ಅದಕ್ಕೇ ಹೇಳ್ಲಿಲ್ಲ, ಮೇಡಂ."

ಆ ಹುಡುಗಿಗೆ ಬೈಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಒಂಬತ್ತು ಗಂಟೆಗೆ ಮೊದಲ ತಂಡ ಅಭ್ಯಾಸಕ್ಕೆ ಇಳಿಯಬೇಕಿತ್ತು. ಸೀಟಿ ಊದಿ ಸ್ವಯಂಸೇವಕರನ್ನು ಕರೆದಳು. ಹತ್ತು ಜನ ಬೂಟು ಕಳಚಿ ಸಾಲಾಗಿ ನಡೆದರು, ಮಾತಾಡುತ್ತ, ನಗುತ್ತ, ದಡಬಡ ಹೆಜ್ಜೆ ಹಾಕುತ್ತ. ಆಚೆ ತುದಿ ಮುಟ್ಟಿದಾಗ ಒಬ್ಬನಿಗೆ ಮಾತ್ರ ಒಂದು ಕೀಲಿ ಸಿಕ್ಕಿತ್ತು. ಅದು ಅವನದೇ ಕಿಸೆಯಿಂದ ಬಿದ್ದದ್ದು.

"ಇವರು ಮರಳನ್ನ ತುಳೀತಿದಾರೆ, ಕೇಳ್ತಿಲ್ಲ," ಎಂದು ಮಾವ ತಲೆಯಾಡಿಸಿದರು. ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು ತಾವೇ ಇಳಿಯಲು ಹೊರಟವರನ್ನು ಮೇಲ್ವಿಚಾರಕಿ ತಡೆದು, ಉಪಕರಣದ ಕೋಣೆಯಿಂದ ಯಾರದೋ ಕ್ಯಾನ್ವಾಸ್ ಬೂಟು ತಂದು ಹಾಕಿಸಿದಳು. ಮರಳಿನ ಅಂಚಿನಲ್ಲಿ ಬೂಟು ಹಾಕಿ ನಿಂತ ಮಾವ ಯಾರ ಮುಖವನ್ನೂ ನೋಡಲಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಆಗ ಕೇಳಿದರು, "ನಾನು ನಡೀಲಾ?"

ಮಾವ ತಿರುಗಿ ಹೆಂಡತಿಯ ಕಾಲು ನೋಡಿದರು. ಮೂವತ್ತೊಂದು ವರ್ಷ ನೆಲ ಮುಟ್ಟದ ಕಾಲು. ಒಂದು ಸಲ ಬಿದ್ದ ಗುಂಡುಸೂಜಿಯ ತಲೆಯನ್ನು ಚಪ್ಪಲಿಯ ಅಂಚಿನಲ್ಲೇ ಗುರುತಿಸಿ ಅಯ್ಯೋ ಎಂದಿದ್ದ ಕಾಲು. ಹಾಸಿಗೆಯಲ್ಲಿ ಒಂದು ಕಣ ಮರಳಿದ್ದರೂ ಎದ್ದು ಕೂತು ದೀಪ ಹಾಕಿಸುತ್ತಿದ್ದ ಕಾಲು.

"ಬಾ," ಎಂದರು.

ಮೈದಾನದ ಗೆರೆಗಳನ್ನು ಸುಣ್ಣದಿಂದ ಎಳೆಯುವಂತಿಲ್ಲ, ಅಂಗೈ ಅಗಲದ ನೀಲಿ ಪಟ್ಟಿಗಳನ್ನು ಮರಳಿನ ಮೇಲೆ ಹಾಸಿ ಮೂಲೆಗಳಲ್ಲಿ ಬಿಗಿಯುತ್ತಾರೆ. ಆ ಪಟ್ಟಿಗಳ ಅಂಚನ್ನು ಮಡಚಿ ಹೊಲಿದವರು ಅತ್ತೆಯೇ, ಎರಡು ತಿಂಗಳ ಕೆಳಗೆ, ಇದೇ ಕೆಲಸಕ್ಕೆ. ತಮ್ಮ ಜೋಡಿ ಹೊಲಿಗೆ ಎಲ್ಲಿ ಬಂದು ಮಲಗಿದೆಯೆಂದು ಅವರು ನೋಡಿದ್ದು ಇದೇ ಮೊದಲು. ಚಪ್ಪಲಿಯನ್ನು ನೀಲಿ ಪಟ್ಟಿಯ ಈಚೆ ಬಿಟ್ಟು, ಬಲಗಾಲು ಎತ್ತಿ, ತುಸು ಹೊತ್ತು ಗಾಳಿಯಲ್ಲೇ ಹಿಡಿದು, ಕೆಳಗಿಟ್ಟರು.

"ಅಯ್ಯಪ್ಪಾ! ತಣ್ಣಗಿದೆ."

"ಮೇಲೆ ತಣ್ಣಗೆ. ಒಳಗೆ ನಿನ್ನೆಯ ಬಿಸಿಲಿರುತ್ತೆ, ಬೆರಳು ಇಳಿಸಿ ನೋಡು."

"ಹೌದಲ್ಲ!"

"ಭಾರ ಹಾಕ್ಬೇಡ. ಮಗುನ ತೊಟ್ಟಿಲಿಗೆ ಇಳಿಸೋ ಹಾಗೆ. ಕಣ್ಣು ಮುಚ್ಚು."

"ಬಿದ್ರೆ?"

"ನಾನಿದೀನಿ."

ಮಾವ ಅವರ ಮೊಣಕೈ ಹಿಡಿದು ಪಕ್ಕದಲ್ಲಿ ನಡೆದರು. ಇಷ್ಟು ವರ್ಷ ತಾವು ಒಬ್ಬರೇ ಕೇಳಿದ್ದನ್ನು ಮಾತಿನಲ್ಲಿ ಹೇಳುವುದು ಅವರಿಗೂ ಹೊಸದು. ಒದ್ದೆ ಮರಳು ಹಿಟ್ಟಿನ ಹಾಗೆ ಒತ್ತಿಕೊಳ್ಳುತ್ತದೆ, ಒಣಗಿದ್ದು ಬೆರಳ ಸಂದಿಯಲ್ಲಿ ಹರಿಯುತ್ತದೆ, ಚಿಪ್ಪಿದ್ದರೆ ಅದರ ಸುತ್ತ ಮರಳು ಸ್ವಲ್ಪ ಗಟ್ಟಿ ಕೂತಿರುತ್ತದೆ. ಅತ್ತೆ ಹ್ಞೂಂ ಹ್ಞೂಂ ಎನ್ನುತ್ತ ನಡೆದರು. ಕಡಲು ಉಸಿರಾಡುತ್ತಿತ್ತು. ಖಾಲಿ ಕುರ್ಚಿಗಳ ಮೇಲೆ ಬೆಳಕು ಒಂದೊಂದೇ ಸಾಲು ಇಳಿದು ಬರುತ್ತಿತ್ತು. ಸ್ವಯಂಸೇವಕರ ನಗು ತಾನಾಗಿ ನಿಂತಿತ್ತು.

ಮೂರನೇ ಸಾಲಿನಲ್ಲಿ ಅತ್ತೆ ನಿಂತರು. "ಇಲ್ಲೇನೋ ಇದೆ. ಅಕ್ಕಿಕಾಳಿನಷ್ಟು."

ಮಾವ ಮಂಡಿಯೂರಿ, ಆ ಜಾಗದ ಮರಳನ್ನು ಬೊಗಸೆಯಲ್ಲಿ ಎತ್ತಿ ಕೈಜರಡಿಗೆ ಹಾಕಿ ಆಡಿಸಿದರು. ಶ್ಯಾ... ಶ್ಯಾ... ಕೊನೆಗೆ ಜಾಲದ ಮೇಲೆ ಬಿಳಿ ಚಿಪ್ಪಿನ ಒಂದು ಹಲ್ಲು ಉಳಿಯಿತು.

ಎಂಟೂವರೆಯ ಹೊತ್ತಿಗೆ ಏಳು ಸಿಕ್ಕಿದ್ದವು. ಆರು ಚಿಪ್ಪು. ಏಳನೆಯದು ಗೋಲಿನ ಮುಂದೆ, ಗೋಲ್‌ಕೀಪರ್ ಮೈಚೆಲ್ಲಿ ಹಾರುವ ಜಾಗದಲ್ಲಿ. ಅತ್ತೆ ಕಾಲನ್ನು ಚಟ್ಟನೆ ಹಿಂದಕ್ಕೆಳೆದುಕೊಂಡರು. ಹಸಿರು ಗಾಜಿನ ಚೂರು, ಎರಡು ಕಡೆಯೂ ಹರಿತ. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಮರಳಿನ ಮೇಲೆ ಕೂತುಬಿಟ್ಟರು. ನಿನ್ನೆ ಅವರು ಆ ಜಾಗದ ಮೇಲೆ ಎರಡು ಸಲ ಹಾದುಹೋಗಿದ್ದರು.

"ಏಳಿ," ಎಂದರು ಅತ್ತೆ, ಮೆಲ್ಲಗೆ. "ಇನ್ನೂ ನಾಲ್ಕು ಸಾಲಿದೆ."

ಮೇಲ್ವಿಚಾರಕಿ ಕಾಗದದ ಹಲಗೆ ತಂದಳು. "ನಿಮ್ಮ ಸಹಿ ಹೊಡೆದು ಹಾಕ್ತೀನಿ, ಯಜಮಾನ್ರೇ."

"ಹಾಕಿ, ಮೇಡಂ."

ಅತ್ತೆ ಬಗ್ಗಿ, ಬಟ್ಟೆಯ ಮೇಲೆ ಗುರುತು ಹಾಕುವಷ್ಟೇ ಜೋಪಾನದಿಂದ ತಮ್ಮ ಹೆಸರು ಬರೆದರು. ಪಕ್ಕದ ಖಾನೆಯಲ್ಲಿ ಉದ್ಯೋಗ ಬರೆಯಬೇಕಿತ್ತು. "ಏನಂತ ಬರೀಲಿ, ಅಮ್ಮ?" ಎಂದಳು ಮೇಲ್ವಿಚಾರಕಿ.

"ಹೊಲಿಗೆ ಅಂತ ಬರೀರಿ. ಮತ್ತಿನ್ನೇನು?"

ಹಾಗೆ ಹದಿನಾರು ದೇಶಗಳ ಚಾಂಪಿಯನ್‌ಷಿಪ್‌ನ ಮರಳಿಗೆ ಒಬ್ಬ ಹೊಲಿಗೆಯಮ್ಮನ ಒಪ್ಪಿಗೆ ಬಿತ್ತು. ಪಂದ್ಯಗಳು ನಡೆದ ಅಷ್ಟೂ ದಿನ, ಬೆಳಿಗ್ಗೆ ಅತ್ತೆ ನಡೆದರು, ಮಾವ ಬೂಟು ಹಾಕಿಕೊಂಡು ಪಕ್ಕದಲ್ಲಿ ಜರಡಿ ಹಿಡಿದರು. ಯಂತ್ರದ ಮೇಲೆ ಬೀದಿಯವರ ಪ್ಯಾಂಟುಗಳು ರಾಶಿ ಬಿದ್ದವು. ಕ್ಷೌರಿಕ ಬಂದು, "ಅತ್ತೆ, ನಮ್ಮ ಪರದೆ ಯಾವಾಗ?" ಎಂದರೆ, "ಏಷ್ಯಾ ಮುಗೀಲಿ," ಎಂಬ ಉತ್ತರ ಸಿಗುತ್ತಿತ್ತು.

ಕೊನೆಯ ಪಂದ್ಯಕ್ಕೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಬಿಸಿಲಿಗೆ ಮರಳು ಕಾಯದಂತೆ ಪ್ರತಿ ಸುತ್ತಿನ ಮೊದಲು ಕೊಳವೆಯಿಂದ ನೀರು ಚಿಮ್ಮಿಸಿದರು, ಒಂದು ಗಳಿಗೆ ಮೈದಾನದ ಮೇಲೆ ಬಣ್ಣದ ಮಂಜು ನಿಂತಿತ್ತು. ಒಂದು ತಂಡ ಬಿಳಿ, ಇನ್ನೊಂದು ಗಾಢ ಹಸಿರು. ಯಾರ ಭಾಷೆಯೂ ನಮಗೆ ತಿಳಿಯದು. ಮೂರನೇ ಸುತ್ತಿನಲ್ಲಿ ಬಿಳಿಯವನೊಬ್ಬ ಕಾಲ ಬೆರಳ ತುದಿಯಿಂದ ಚೆಂಡು ಎತ್ತಿಕೊಂಡು, ಗೋಲಿಗೆ ಬೆನ್ನು ತಿರುಗಿಸಿ, ಗಾಳಿಯಲ್ಲಿ ಮಲಗಿದ. ನಿಜಕ್ಕೂ ಮಲಗಿದ ಹಾಗೇ ಇತ್ತು. ಅಷ್ಟು ಹೊತ್ತು ಒಬ್ಬ ಮನುಷ್ಯ ಮೇಲೆ ಉಳಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಕಾಲು ಚೆಂಡಿಗೆ ತಾಗಿತು, ಸುತ್ತ ಸಾವಿರ ಜನ ಎದ್ದು ಕೂಗಿದರು.

ಪಕ್ಕದಲ್ಲಿದ್ದ ಮಾವ, ಅತ್ತೆ ಇಬ್ಬರೂ ಚೆಂಡು ಎಲ್ಲಿ ಹೋಯಿತೆಂದು ನೋಡಲೇ ಇಲ್ಲ. ಅವನು ಬಿದ್ದ ಜಾಗವನ್ನೇ ನೋಡುತ್ತಿದ್ದರು. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಂಡುತ್ತಿತ್ತು. ಅವನು ಎದ್ದ. ಬೆನ್ನಿನಿಂದ ಮರಳು ಹಿಟ್ಟಿನ ಹಾಗೆ ಉದುರಿತು. ಬೆನ್ನು ಹಾಗೇ ಇತ್ತು, ಒಂದು ಗೀರೂ ಇಲ್ಲ.

"ಗೋಲಾಯ್ತಾ?" ಎಂದು ಮಾವ ನನ್ನನ್ನು ಕೇಳಿದರು.

ಈಗ ಮಾವನಿಗೆ ಉಪಕರಣದ ಕೋಣೆಯಲ್ಲಿ ಕೆಲಸ. ಬೂಟು ಕಡ್ಡಾಯ. ಕುಂಟೆ, ಬಲೆ, ನೀಲಿ ಪಟ್ಟಿ ಎಲ್ಲ ಒಪ್ಪವಾಗಿ ಇಡುತ್ತಾರೆ. ಕಿಟಕಿಯಿಂದ ಮೈದಾನ ಕಾಣುತ್ತದೆ, ಆ ಕಡೆ ಹೆಚ್ಚು ನೋಡುವುದಿಲ್ಲವೆಂದು ಅವರೇ ಹೇಳಿದರು. ಮೇಲ್ವಿಚಾರಕಿ ಆರಿಸಿದ ಇಬ್ಬರಿಗೆ ಅತ್ತೆ ವಾರಕ್ಕೆ ಎರಡು ದಿನ ಹೋಗಿ ನಡೆಯುವುದನ್ನು ಹೇಳಿಕೊಡುತ್ತಾರೆ. ಹಿಂತಿರುಗಿದಾಗ ಬಾಗಿಲಲ್ಲಿ ಮಾವ ತಂಬಿಗೆ ಹಿಡಿದು ನಿಂತಿರುತ್ತಾರೆ. "ಅಲ್ಲೇ ನಿಲ್ಲು. ಕಾಲು ತೊಳ್ಕೊಂಡು ಬಾ." ಅಷ್ಟು ವರ್ಷದ ಸೇಡನ್ನು ಅವರು ಬಿಡುವ ಲಕ್ಷಣ ಕಾಣುವುದಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಇನ್ನೊಂದು ಮಾತು ಕೇಳುತ್ತದೆ. ಮಾವ ಕಣ್ಣು ಮುಚ್ಚಿ ಕೂರುತ್ತಾರೆ. ಅತ್ತೆ ಅವರ ಪಾದವನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಬೆರಳು ಬೆರಳನ್ನೂ ಬಿಡಿಸಿ, ಗಾಯವಿದೆಯೇ ಎಂದು ನೋಡುತ್ತಾರೆ. ಕೊನೆಗೆ ಹೊಲಿಗೆಯ ಪೆಟ್ಟಿಗೆಯಿಂದ ನೈಲಾನ್ ದಾರದ ತುದಿ ತೆಗೆದು ಅಂಗಾಲಿಗೆ ಮುಟ್ಟಿಸುತ್ತಾರೆ.

"ಗೊತ್ತಾಯ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ ಕಣೇ."

"ಇಲ್ಲಿ?"

ಮಾವ ಅವಸರ ಮಾಡುವುದಿಲ್ಲ. ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೇಳುತ್ತಾರೆ, "ಇಲ್ಲ."